ಮೊಹರು ಕೊನೆಗೆ, ಮೈ ಮೊದಲು: ಇಂಗ್ಲೆಂಡಿನ ಹಳೆಯ ಸಾಲ್ಟ್ ಗ್ಲೇಜ್ ಪಾತ್ರೆ ಸಂಗ್ರಹಿಸುವ ಬಗೆ

ಹಳೆಯ ಬಡಾವಣೆಗಳಲ್ಲಿ ರಸ್ತೆ ಅಗೆದಾಗ ಕಂದು ಬಣ್ಣದ, ಎಣ್ಣೆ ಸವರಿದಂತೆ ಮಿರುಗುವ ಒಳಚರಂಡಿ ಪೈಪಿನ ಚೂರುಗಳು ಮೇಲೆ ಬರುತ್ತವಲ್ಲ, ಅಂಥದೊಂದನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಇದೇ ಸಾಲ್ಟ್ ಗ್ಲೇಜ್, ಅಂದರೆ ಉಪ್ಪಿನ ಮೆರುಗು. ಲಂಡನ್ನಿನ ಲ್ಯಾಂಬೆತ್‌ನಲ್ಲಿ ಹೆನ್ರಿ ಡೌಲ್ಟನ್ 1846ರಲ್ಲಿ ಇಂಥ ಪೈಪುಗಳಿಗೆಂದೇ ಕಾರ್ಖಾನೆ ತೆರೆದ. ನಮ್ಮ ದೇಶದಲ್ಲಿ ಐಎಸ್ 651 ಎಂಬ ಮಾನಕ ಇರುವುದೂ ಈ ಪೈಪಿಗೇ. ಸಾವಿರಾರು ಪೌಂಡಿಗೆ ಹರಾಜಾಗುವ 18ನೇ ಶತಮಾನದ ಇಂಗ್ಲಿಷ್ ಮಗ್‌ಗೂ ಈ ಚರಂಡಿ ಪೈಪಿಗೂ ಮೆರುಗು ಒಂದೇ. ಹಾಗಾಗಿ ಒಂದು ರೂಪಾಯಿ ಖರ್ಚಿಲ್ಲದೆ ಮೊದಲ ಪಾಠ ಇಲ್ಲೇ ಸಿಗುತ್ತದೆ. ಚೂರನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೊಸಬರು ಮಾಡುವ ತಪ್ಪು ಬಹುಪಾಲು ಒಂದೇ: ಪಾತ್ರೆ ಕೈಗೆ ಸಿಕ್ಕ ಕೂಡಲೇ ಬೋರಲು ಹಾಕಿ ತಳದ ಮೊಹರು ಹುಡುಕುವುದು. 18ನೇ ಶತಮಾನದ ಸಾಲ್ಟ್ ಗ್ಲೇಜ್ ಪಾತ್ರೆಗಳಲ್ಲಿ ಹೆಚ್ಚಿನವಕ್ಕೆ ತಯಾರಕರ ಮೊಹರೇ ಇಲ್ಲ. ಇರುವ ಮೊಹರನ್ನು ಯಾರು ಬೇಕಾದರೂ ಒತ್ತಬಹುದು. ಮಣ್ಣು ಮತ್ತು ಮೆರುಗಿನ ವಿಷಯದಲ್ಲಿ ಸುಳ್ಳು ಹೇಳುವುದು ಅಷ್ಟು ಸುಲಭವಲ್ಲ.

ಆವಿಗೆಯಲ್ಲಿ ಏನು ನಡೆಯುತ್ತದೆ

ಇದನ್ನು ತಿಳಿಯದೆ ಮುಂದಿನ ಯಾವ ಪರೀಕ್ಷೆಯೂ ಅರ್ಥವಾಗುವುದಿಲ್ಲ. ಸಾಮಾನ್ಯ ಮೆರುಗನ್ನು ಪಾತ್ರೆಗೆ ಬಳಿಯುತ್ತಾರೆ, ಇಲ್ಲವೇ ಪಾತ್ರೆಯನ್ನೇ ಅದರಲ್ಲಿ ಅದ್ದುತ್ತಾರೆ. ಸಾಲ್ಟ್ ಗ್ಲೇಜ್‌ನಲ್ಲಿ ಹಾಗಿಲ್ಲ. ಆವಿಗೆ, ಅಂದರೆ ಪಾತ್ರೆ ಸುಡುವ ಗೂಡು, ಸುಮಾರು 1200ರಿಂದ 1300 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಮೇಲಿನ ಕಿಂಡಿಗಳಿಂದ ಅಡುಗೆ ಉಪ್ಪನ್ನು ಒಳಗೆ ಎಸೆಯುತ್ತಾರೆ. ಉಪ್ಪು ಆವಿಯಾಗುತ್ತದೆ, ಅದರ ಸೋಡಿಯಂ ಜೇಡಿಮಣ್ಣಿನ ಸಿಲಿಕಾ, ಅಲ್ಯುಮಿನಾಗಳ ಜೊತೆ ಬೆರೆತು ಪಾತ್ರೆಯ ಮೈಯನ್ನೇ ತೆಳುವಾದ ಗಾಜಾಗಿಸುತ್ತದೆ. ಕ್ಲೋರಿನ್ ಭಾಗ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆಯಾಗಿ ಹೊರಗೆ ಹೋಗುತ್ತದೆ.

ಇದರಿಂದ ಗುರುತಿಸಲು ಒದಗುವ ಸಂಗತಿಗಳು ಹಲವು. ಆವಿ ತಾಗಿದ ಕಡೆ ಮಾತ್ರ ಮೆರುಗು ಬರುತ್ತದೆ. ಕಿರಿದಾದ ಬಾಯಿಯ ಬಾಟಲಿಯ ಒಳಗೆ ಆವಿ ಸರಿಯಾಗಿ ಹೋಗದು, ಆದ್ದರಿಂದ ಒಳಮೈ ಹೊರಮೈಯಷ್ಟು ಹೊಳೆಯುವುದಿಲ್ಲ. ಪಾತ್ರೆ ಕೂತಿದ್ದ ತಳ ಬರಿದಾಗಿಯೇ ಉಳಿಯುತ್ತದೆ. ಬೆಂಕಿಯ ಕಡೆಗಿದ್ದ ಮಗ್ಗುಲು ಒಂದು ಬಣ್ಣ, ಇನ್ನೊಂದು ಮಗ್ಗುಲು ಇನ್ನೊಂದು. ಪಕ್ಕದ ಪಾತ್ರೆ ತಾಗಿದ್ದಲ್ಲಿ ಬಿಲ್ಲೆಯಗಲದ ಕಲೆ. ಆವಿಗೆಯ ಚಾವಣಿಯಿಂದ ತೊಟ್ಟಿಕ್ಕಿದಲ್ಲಿ ಹಸಿರು-ಕಂದು ಹನಿ. ಮೆರುಗು ದ್ರವವಾಗಿ ಹರಿದು ಬಂದದ್ದಲ್ಲವಾದ್ದರಿಂದ ಉಬ್ಬುಚಿತ್ರದ ಸಂದುಗಳಲ್ಲಿ ಮಡುಗಟ್ಟುವುದಿಲ್ಲ, ಗೆರೆಗಳು ಚೂಪಾಗಿಯೇ ಇರುತ್ತವೆ. ಎಲ್ಲ ಕಡೆ ಒಂದೇ ಸಮನಾದ ಬಣ್ಣ, ಒಂದೇ ಸಮನಾದ ಹೊಳಪು ಇರುವ ಕಂದು ಜಗ್ ಸಿಕ್ಕರೆ ಅನುಮಾನಪಡಿ.

ಮೊದಲು ಒಂದು ಬಗೆ ಆರಿಸಿಕೊಳ್ಳಿ

ಎಲ್ಲವನ್ನೂ ಕೊಳ್ಳಲು ಹೊರಟವರ ಕಪಾಟು ಗುಜರಿಯಾಗುತ್ತದೆ. ಇಂಗ್ಲೆಂಡಿನ ಸಾಲ್ಟ್ ಗ್ಲೇಜ್‌ನಲ್ಲಿ ಸ್ಥೂಲವಾಗಿ ಐದು ಕವಲುಗಳಿವೆ. ಒಂದನ್ನು ಹಿಡಿದು ಎರಡು ವರ್ಷ ಓದಿ, ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ.

ಮೂಲ ಜರ್ಮನಿಯದು. ರೈನ್ ನದಿಯ ಪ್ರದೇಶದಿಂದ ಗಡ್ಡದ ಮುಖವಿರುವ ಬಾರ್ಟ್‌ಮನ್ ಹೂಜಿಗಳು ಇಂಗ್ಲೆಂಡಿಗೆ ಹಡಗುಗಟ್ಟಲೆ ಬರುತ್ತಿದ್ದವು. ಲಂಡನ್ ಬಳಿಯ ಫುಲ್‌ಹ್ಯಾಮ್‌ನಲ್ಲಿ ಜಾನ್ ಡ್ವೈಟ್ 1672ರಲ್ಲಿ ಸ್ಟೋನ್‌ವೇರ್‌ಗೆ, ಅಂದರೆ ಕಲ್ಲಿನಷ್ಟು ಗಟ್ಟಿಯಾಗುವಂತೆ ಸುಟ್ಟ ಪಾತ್ರೆಗೆ, ಪೇಟೆಂಟ್ ಪಡೆದ, 1684ರಲ್ಲಿ ಅದನ್ನು ನವೀಕರಿಸಿಕೊಂಡ. ಆ ಪೇಟೆಂಟ್ ಮುರಿದರೆಂದು 1693ರಿಂದ ಇತರ ಕುಂಬಾರರಾದ ಎಲರ್ಸ್ ಸಹೋದರರು, ನಾಟಿಂಗ್‌ಹ್ಯಾಮ್‌ನ ಜೇಮ್ಸ್ ಮಾರ್ಲಿ, ಬರ್ಸ್ಲೆಮ್‌ನ ವೆಜ್‌ವುಡ್ ಮನೆತನದವರು ಎಲ್ಲರ ಮೇಲೂ ದಾವೆ ಹೂಡಿದ. ಡ್ವೈಟ್‌ನ ಕೆಲಸ ಸಂಗ್ರಾಹಕರ ಕೈಗೆ ಎಟಕುವುದಿಲ್ಲ. ಸತ್ತ ಮಗಳು ಲಿಡಿಯಾಳ ಪ್ರತಿಮೆಯನ್ನು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲೇ ನೋಡಬೇಕು. ಆದರೆ ಅವನ ನಂತರ ಲಂಡನ್, ಬ್ರಿಸ್ಟಲ್‌ಗಳಲ್ಲಿ ಬೆಳೆದ ಕಂದು ಮಗ್, ಜಗ್‌ಗಳು ಸಿಗುತ್ತವೆ, ಇವೇ ಮೊದಲ ಕವಲು. ಮೇಲರ್ಧ ಕಬ್ಬಿಣದ ಅಂಶದ ಕೆಮ್ಮಣ್ಣಿನಲ್ಲಿ ಅದ್ದಿ ಗಾಢ ಕಂದು, ಕೆಳಗೆ ಬೂದು-ಹಳದಿ. ಮೈಮೇಲೆ ಅಚ್ಚಿನಲ್ಲಿ ತೆಗೆದು ಅಂಟಿಸಿದ ಬೇಟೆನಾಯಿ, ಜಿಂಕೆ, ಗಾಳಿಗಿರಣಿ, ಕುಡುಕರ ಗುಂಪು. ಇವೇ ಪ್ರಸಿದ್ಧ ‘ಹಂಟಿಂಗ್ ಜಗ್’ಗಳು.

ನಾಟಿಂಗ್‌ಹ್ಯಾಮ್ ಬಗೆ ಸುಮಾರು 1690ರಿಂದ 1800ರವರೆಗಿನದು. ಗೋಡೆ ತೆಳು, ಮೈಮೇಲೆ ಲೋಹದಂಥ ನಯವಾದ ಕಂದು ಹೊಳಪು, ತಿಗರಿಯ ಮೇಲೆ ಕೊರೆದ ಸಮಾನ ಗೆರೆಗಳು. ಕಂದು ಲೇಪ ಮುಗಿಯುವ ಅಂಚಿನಲ್ಲಿ ಬಿಳಿಯ ಎಳೆಯೊಂದು ಕಾಣುವುದುಂಟು, ಅದು ಒಳ್ಳೆಯ ಗುರುತು. ಮದುವೆ, ಹುಟ್ಟಿನ ನೆನಪಿಗೆ ಹೆಸರು-ಇಸವಿ ಕೆತ್ತಿದ ಎರಡು ಹಿಡಿಯ ಬಟ್ಟಲುಗಳು ಈ ಬಗೆಯಲ್ಲಿ ಹೆಚ್ಚು. ಚೆಸ್ಟರ್‌ಫೀಲ್ಡ್, ಕ್ರಿಚ್ ಮುಂತಾದ ಡರ್ಬಿಶೈರ್ ಊರುಗಳಲ್ಲೂ ಇದೇ ರೀತಿ ಮಾಡುತ್ತಿದ್ದರು. ಹಾಗಾಗಿ ಮಾರುವವರು ‘ನಾಟಿಂಗ್‌ಹ್ಯಾಮ್’ ಎಂದರೆ ‘ಆ ಬಗೆಯದು’ ಎಂದಷ್ಟೇ ತಿಳಿಯಿರಿ.

ಸ್ಟ್ಯಾಫರ್ಡ್‌ಶೈರ್‌ನ ಬಿಳಿ ಸಾಲ್ಟ್ ಗ್ಲೇಜ್ ಈ ಕಲೆಯ ತುದಿ. ಡೆವನ್, ಡಾರ್ಸೆಟ್‌ಗಳ ಬಿಳಿ ಜೇಡಿಗೆ ಸುಟ್ಟು ಪುಡಿಮಾಡಿದ ಚಕಮಕಿ ಕಲ್ಲನ್ನು ಸೇರಿಸಿ 1720ರ ಸುಮಾರಿಗೆ ಶುರುವಾಯಿತು. ಒಣ ಕಲ್ಲಿನ ಪುಡಿ ಕೆಲಸಗಾರರ ಶ್ವಾಸಕೋಶ ತಿನ್ನುತ್ತಿತ್ತು. ನೀರಿನಲ್ಲಿ ಅರೆಯುವ ವಿಧಾನಕ್ಕೆ ಥಾಮಸ್ ಬೆನ್ಸನ್ 1726ರಲ್ಲಿ, ಮತ್ತೆ 1732ರಲ್ಲಿ ಪೇಟೆಂಟ್ ಪಡೆದ. 1740ರ ದಶಕದಲ್ಲಿ ಪ್ಲಾಸ್ಟರ್ ಅಚ್ಚುಗಳು ಬಂದ ಮೇಲೆ ಒಂಟೆ, ಮನೆ, ಚಿಪ್ಪುಗಳ ಆಕಾರದ ಟೀಪಾಟ್‌ಗಳು, ಬುಟ್ಟಿ ಹೆಣಿಗೆಯ ಅಂಚಿನ ತಟ್ಟೆಗಳು ಹೊರಬಂದವು. ಗೀರಿ ಕೋಬಾಲ್ಟ್ ನೀಲಿ ತುಂಬಿದ ‘ಸ್ಕ್ರ್ಯಾಚ್ ಬ್ಲೂ’, ಮೆರುಗಿನ ಮೇಲೆ ಬರೆದು ಮತ್ತೆ ಸುಟ್ಟ 1750ರ ಆಸುಪಾಸಿನ ಬಣ್ಣದ ಎನಾಮೆಲ್ ಚಿತ್ರಗಳು, 1739ರಲ್ಲಿ ಅಡ್ಮಿರಲ್ ವರ್ನನ್ ಪೋರ್ಟೊಬೆಲೊ ಗೆದ್ದ ನೆನಪಿನ ಪಾತ್ರೆಗಳು ಎಲ್ಲ ಇದೇ ಬಳಗ. ಉಪ್ಪಿನ ಮೆರುಗಿನ ಒರಟಿಗೆ ಬೆಳ್ಳಿ ಚಮಚಗಳು ಸವೆಯುತ್ತಿದ್ದವು. ಸೀಸದ ಮೆರುಗಿನ, ನುಣುಪಾದ ಕೆನೆಬಣ್ಣದ ಪಾತ್ರೆಯಾದ ಕ್ರೀಮ್‌ವೇರ್ ಬಂದು 1780ರ ದಶಕದ ಹೊತ್ತಿಗೆ ಇದು ಬಹುತೇಕ ನಿಂತೇ ಹೋಯಿತು.

19ನೇ ಶತಮಾನದ ಕಂದು ಸಾಮಾನು ನಾಲ್ಕನೆಯದು: ಲ್ಯಾಂಬೆತ್, ಡೆನ್‌ಬಿ, ಬ್ರಾಂಪ್ಟನ್‌ಗಳ ಜಗ್, ಬಾಟಲಿ, ತಂಬಾಕಿನ ಡಬ್ಬಿ. 1832ರ ಮತದಾನ ಸುಧಾರಣಾ ಕಾಯ್ದೆಯ ಕಾಲಕ್ಕೆ ರಾಜಕಾರಣಿ ಬ್ರೂಅಮ್, ದೊರೆ ನಾಲ್ಕನೇ ವಿಲಿಯಂ ಮುಂತಾದವರ ಆಕಾರದಲ್ಲಿ ಮಾಡಿದ ಜಿನ್ ಬಾಟಲಿಗಳು, ಅಂದರೆ ರಿಫಾರ್ಮ್ ಫ್ಲಾಸ್ಕ್‌ಗಳು, ಇವುಗಳಲ್ಲಿ ಅತಿ ಸ್ವಾರಸ್ಯದವು. ಹೊಸದಾಗಿ ಕಾಲಿಡುವವರು ಇಲ್ಲಿಂದಲೇ ಆರಂಭಿಸಲಿ ಎನ್ನುವುದು ನಮ್ಮ ಸಲಹೆ. ಗಟ್ಟಿ ಪಾತ್ರೆ, ಬೆಲೆ ಕೈಗೆಟಕುವಂಥದು, ಮೊಹರುಗಳೂ ಸಾಕಷ್ಟು. ತಪ್ಪಿದರೂ ನಷ್ಟ ಸಣ್ಣದು.

ಐದನೆಯದು ಕಲಾವಿದರ ಸಾಮಾನು. ಡೌಲ್ಟನ್ ಕಾರ್ಖಾನೆ ಪಕ್ಕದ ಲ್ಯಾಂಬೆತ್ ಕಲಾಶಾಲೆಯವರನ್ನು ಕರೆಸಿಕೊಂಡಿತು. ಜಾರ್ಜ್ ಟಿನ್ವರ್ತ್ 1866ರಲ್ಲಿ, ಹ್ಯಾನಾ ಬಾರ್ಲೊ 1871ರಲ್ಲಿ ಬಂದರು. ಹಸಿಮಣ್ಣಿನ ಮೇಲೆ ನೇರವಾಗಿ ಕುದುರೆ, ಜಿಂಕೆ, ದನಗಳನ್ನು ಗೀರುತ್ತಿದ್ದ ಹ್ಯಾನಾಳ ಕೈ ಒಮ್ಮೆ ಕಂಡರೆ ಮರೆಯುವುದಿಲ್ಲ. ಮಾರ್ಟಿನ್ ಸಹೋದರರು 1873ರಲ್ಲಿ ಫುಲ್‌ಹ್ಯಾಮ್‌ನಲ್ಲಿ ಆರಂಭಿಸಿ 1877ರಲ್ಲಿ ಸೌಥಾಲ್‌ಗೆ ಹೋದರು. ಅವರ ವಕ್ರನೋಟದ ‘ವಾಲಿ ಬರ್ಡ್’ ಡಬ್ಬಿಗಳು ಇಂದು ಅತಿ ದುಬಾರಿ. ದುಬಾರಿಯಾದ್ದರಿಂದಲೇ ನಕಲಿಯ ಹಾವಳಿಯೂ ಅಲ್ಲೇ.

ಚೀಲದಲ್ಲಿ ಇರಬೇಕಾದವು

ವಸ್ತು ಪಟ್ಟಿ ಸಣ್ಣದು. 10 ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ, ಅಂದರೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥದು. ಕಿರಿದಾದ ಬಿಳಿ ಬೆಳಕಿನ ಟಾರ್ಚ್. 365 ನ್ಯಾನೋಮೀಟರಿನ ಅಲ್ಟ್ರಾವಯೊಲೆಟ್ ಟಾರ್ಚ್. 395ರದು ಅಗ್ಗ, ಆದರೆ ಅದರ ನೇರಳೆ ಬೆಳಕೇ ಕಣ್ಣಿಗೆ ರಾಚಿ ಏನೂ ಕಾಣುವುದಿಲ್ಲ. ಅಳತೆ ಟೇಪು, ಅಡುಗೆಮನೆಯ ತಕ್ಕಡಿ, ಹತ್ತಿ ಸುತ್ತಿದ ಕಡ್ಡಿ, ಒಂದು ಸಣ್ಣ ಟವೆಲ್. ಉಂಗುರ, ಬಳೆ, ಗಡಿಯಾರ ತೆಗೆದಿಟ್ಟು ಪಾತ್ರೆ ಮುಟ್ಟಿ. ಹಿಡಿಯನ್ನು ಹಿಡಿದು ಎತ್ತಬೇಡಿ. ಹಳೆಯ ಹಿಡಿಗಳು ಅಂಟಿಸಿದವಾಗಿರಬಹುದು. ಒಂದು ಕೈ ತಳಕ್ಕೆ, ಇನ್ನೊಂದು ಹೊಟ್ಟೆಗೆ.

ಪರೀಕ್ಷೆ: ಯಾವ ಕ್ರಮದಲ್ಲಿ ನೋಡಬೇಕು

ಮೊದಲು ಟವೆಲ್ ಮೇಲೆ ಇಟ್ಟು ದೂರದಿಂದ ಒಟ್ಟು ಆಕಾರ ನೋಡಿ. ತಿಗರಿಯಲ್ಲಿ ಎತ್ತಿದ ಪಾತ್ರೆ ಪೂರ್ತಿ ಸಮನಾಗಿರುವುದು ಅಪರೂಪ, ಸ್ವಲ್ಪ ವಾಲಿದ್ದರೆ ದೋಷವಲ್ಲ.

ಎರಡನೆಯದು ಸದ್ದು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟುವ ನಮ್ಮ ಅಭ್ಯಾಸವೇ ಇಲ್ಲೂ ಸರಿ. ಅಂಗೈ ಮೇಲೆ ಬಿಗಿ ಹಿಡಿಯದೆ ಕೂರಿಸಿಕೊಂಡು ಉಗುರಿನಿಂದ ಮೆಲ್ಲಗೆ ತಟ್ಟಿ. ಗಟ್ಟಿ ಸ್ಟೋನ್‌ವೇರ್ ಕಂಚಿನಂತೆ ನಾದ ಕೊಡುತ್ತದೆ. ‘ದಬ್’ ಎಂದರೆ ಎಲ್ಲೋ ಬಿರುಕಿದೆ ಅಥವಾ ದುರಸ್ತಿಯಾಗಿದೆ. ದಪ್ಪ ಗೋಡೆಯ ಕಂದು ಬಾಟಲಿಯಲ್ಲಿ ಈ ಪರೀಕ್ಷೆ ಅಷ್ಟು ನಂಬಲರ್ಹವಲ್ಲ, ತೆಳು ಬಿಳಿ ತಟ್ಟೆಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಮೂರನೆಯದು ಮೈ. ಟಾರ್ಚನ್ನು ಮೈಗೆ ಒತ್ತಿದ ಹಾಗೆ ಓರೆಯಾಗಿ ಹಿಡಿದು ಸುತ್ತಲೂ ತಿರುಗಿಸಿ. ಕಿತ್ತಳೆ ಸಿಪ್ಪೆಯ ಕುಳಿಗಳು ಕಂದು ಪಾತ್ರೆಯಲ್ಲಿ ದೊಡ್ಡವು, ಬಿಳಿಯದರಲ್ಲಿ ಸೂಜಿಮೊನೆಯಷ್ಟು ಸಣ್ಣವು, ನಾಟಿಂಗ್‌ಹ್ಯಾಮ್‌ನಲ್ಲಿ ಬಹಳ ಕಡಿಮೆ. ಪೈಪಿನ ಚೂರಿನ ಜೊತೆ ಹೋಲಿಸಿ. ಕುಳಿಗಳ ಅಂಚು ಕರಗಿ ನುಣುಪಾಗಿರಬೇಕು. ಬಣ್ಣ ಸಿಂಪಡಿಸಿದಂತೆ ಗುಳ್ಳೆಗುಳ್ಳೆಯಾಗಿ ಮೇಲೆದ್ದಿದ್ದರೆ ಅದು ಬೇರೆ ಮೆರುಗು.

ನಾಲ್ಕನೆಯದು ಒಳಮೈ, ಇಲ್ಲಿ ಅವಸರ ಬೇಡ. ಟಾರ್ಚ್ ಒಳಗಿಳಿಸಿ. ತಿಗರಿಯಲ್ಲಿ ಮಾಡಿದ್ದರೆ ಬೆರಳಿನ ಸುತ್ತುಗೆರೆಗಳು ಕಾಣಬೇಕು. ಹಂಟಿಂಗ್ ಜಗ್‌ನ ಹೊರಗೆ ನಾಯಿ ಉಬ್ಬಿರುವ ಜಾಗದಲ್ಲೇ ಒಳಗೆ ತಗ್ಗಿದ್ದರೆ ಅದು ದ್ರವ ಮಣ್ಣನ್ನು ಅಚ್ಚಿಗೆ ಸುರಿದು ಮಾಡಿದ್ದು. ಹಳೆಯ ಲಂಡನ್ ಜಗ್‌ನಲ್ಲಿ ನಾಯಿಯನ್ನು ಬೇರೆಯಾಗಿ ಒತ್ತಿ ಅಂಟಿಸುತ್ತಿದ್ದರು, ಒಳಗೋಡೆ ಅಲ್ಲಿ ತಗ್ಗಾಗುವುದಿಲ್ಲ. ಅಂಟಿಸಿದ ಚಿತ್ರದ ಅಂಚಿನಲ್ಲಿ ಕೂದಲೆಳೆಯಷ್ಟು ನೆರಳೂ ಭೂತಗನ್ನಡಿಯಲ್ಲಿ ಸಿಗುತ್ತದೆ. ಆದರೆ ಸ್ಟ್ಯಾಫರ್ಡ್‌ಶೈರ್‌ನ ಬಿಳಿ ಟೀಪಾಟ್‌ಗಳನ್ನು 18ನೇ ಶತಮಾನದಲ್ಲೇ ಅಚ್ಚಿಗೆ ಸುರಿದು ಮಾಡಿದ್ದಾರೆ. ಒಳತಗ್ಗು ಅಲ್ಲಿ ಸಹಜ, ಕಂದು ಜಗ್‌ನಲ್ಲಿ ಅಪಾಯದ ಸೂಚನೆ.

ಐದನೆಯದು ತಳ. ಮೆರುಗಿಲ್ಲದ ಅಂಚಿನ ಮೇಲೆ ಹತ್ತಿಕಡ್ಡಿಯಿಂದ ಒಂದು ಹನಿ ನೀರು ಇಡಿ. ಸ್ಟೋನ್‌ವೇರ್ ಒಳಗೇ ಗಾಜಿನಂತೆ ಬೆಸೆದಿರುವುದರಿಂದ ಹನಿ ಹಾಗೇ ನಿಲ್ಲುತ್ತದೆ. ಮಣ್ಣಿನ ಪಾತ್ರೆಯಾದರೆ ಹೀರಿಕೊಳ್ಳುತ್ತದೆ. ತಳದ ಸವೆತ ನೋಡಿ: 200 ವರ್ಷ ಮೇಜಿನ ಮೇಲೆ ಎಳೆದಾಡಿದ ಪಾತ್ರೆಯ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ, ಎತ್ತರದ ಜಾಗದಲ್ಲಿ ಮಾತ್ರ ಇರುತ್ತವೆ. ಉಜ್ಜುಕಾಗದದಿಂದ ತಂದ ಹಳತನ ಒಂದೇ ದಿಕ್ಕಿಗೆ ಓಡುತ್ತದೆ, ತಗ್ಗಿನಲ್ಲೂ ಇರುತ್ತದೆ. ಸಂದುಗಳಲ್ಲಿ ಮೆತ್ತಿದ ಕೊಳೆ ಒದ್ದೆ ಹತ್ತಿಗೆ ಕೂಡಲೇ ಕಂದಾಗಿ ಬಂದರೆ ಅದು ಚಹಾ ಡಿಕಾಕ್ಷನ್ನಿನ ಕೆಲಸ ಇರಬಹುದು.

ಆರನೆಯದು ಹಿಡಿ, ಮೂತಿ, ಮುಚ್ಚಳ. ದುರಸ್ತಿಗಳು ಸೇರುವುದು ಇಲ್ಲಿಯೇ. ಹಿಡಿಯ ಕೆಳತುದಿ ಮೈಗೆ ಕೂಡುವ ಜಾಗ ಮತ್ತು ಮೂತಿಯ ತುದಿಯನ್ನು ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಕತ್ತಲೆ ಮಾಡಿಕೊಂಡು ನೋಡಿ. ರೆಸಿನ್ ಮತ್ತು ಬಣ್ಣದ ತೇಪೆಗಳು ಹಲವು ಬಾರಿ ಹಾಲುಬಿಳಿ ಅಥವಾ ಹಳದಿಯಾಗಿ ಹೊಳೆಯುತ್ತವೆ. ಹೊಳೆಯದ ತೇಪೆಗಳೂ ಇವೆ, ಆದ್ದರಿಂದ ಬೆರಳಿಗೂ ಕೆಲಸ ಕೊಡಿ: ಕುಳಿಗಳಿದ್ದ ಮೈ ಒಂದೆಡೆ ತಟ್ಟನೆ ನುಣುಪಾಗಿ, ಸ್ವಲ್ಪ ಬೆಚ್ಚಗೆ ಅನಿಸಿದರೆ ಅಲ್ಲಿ ಪ್ಲಾಸ್ಟಿಕ್ ಇದೆ.

ಮೊಹರಿನ ಸರದಿ ಬರುವುದು ಇಷ್ಟಾದ ಮೇಲೆ.

ಮೊಹರು ಹೇಳುವುದೆಷ್ಟು

ಕಿರೀಟದ ಕೆಳಗೆ ಡಬ್ಲ್ಯೂಆರ್ ಎಂದಿರುವ ಮಗ್ ಕಂಡು ‘ಮೂರನೇ ವಿಲಿಯಂ ಕಾಲದ್ದು, 1702ಕ್ಕಿಂತ ಮುಂಚಿನದು’ ಎಂದು ಮಾರುವುದುಂಟು. ಅದು ತಯಾರಕರ ಮೊಹರಲ್ಲ, ಅಳತೆ ಸರಿಯಿದೆ ಎಂಬ ಮುದ್ರೆ. ವಿಲಿಯಂ ಕಾಲದ ಕಾಯ್ದೆ ಅದನ್ನು ತಂದಿತು; ದೊರೆ ಸತ್ತ ಮೇಲೂ ದಶಕಗಟ್ಟಲೆ ಅದೇ ಅಕ್ಷರಗಳನ್ನು ಒತ್ತುತ್ತಿದ್ದರು. ರಾಣಿ ಆನ್‌ಳ ಎಆರ್ ಅಕ್ಷರಗಳ ಕಥೆಯೂ ಇದೇ. ಅಂಥ ಮಗ್‌ನ ಕಾಲವನ್ನು ಆಕಾರ, ಅಲಂಕಾರಗಳಿಂದಲೇ ತೀರ್ಮಾನಿಸಿ.

ಡೌಲ್ಟನ್ನಿನ ಮೊಹರುಗಳು ಹೆಚ್ಚು ಉಪಯೋಗಕ್ಕೆ ಬರುತ್ತವೆ. ಹೆನ್ರಿಯ ತಂದೆ ಜಾನ್ ಡೌಲ್ಟನ್ 1815ರಲ್ಲಿ ಲ್ಯಾಂಬೆತ್‌ನ ಕುಂಬಾರಿಕೆಯೊಂದರಲ್ಲಿ ಪಾಲುದಾರನಾದ. ‘ಡೌಲ್ಟನ್ ಅಂಡ್ ವಾಟ್ಸ್’ ಹೆಸರಿದ್ದರೆ ಸುಮಾರು 1826ರಿಂದ 1850ರ ದಶಕದವರೆಗಿನದು. 1870ರ ದಶಕದ ಕಲಾಕೃತಿಗಳಲ್ಲಿ ಅಂಡಾಕಾರದ ‘ಡೌಲ್ಟನ್ ಲ್ಯಾಂಬೆತ್’ ಮೊಹರಿನ ನಡುವೆ ಇಸವಿಯೇ ಇರುತ್ತದೆ. 1891ರಿಂದ ‘ಇಂಗ್ಲೆಂಡ್’ ಎಂಬ ಪದ ಸೇರಿತು, ಅಮೆರಿಕದ ಆಮದು ಸುಂಕದ ಕಾಯ್ದೆ ಉತ್ಪತ್ತಿ ದೇಶದ ಹೆಸರು ಕೇಳಿದ್ದರಿಂದ. ಸಿಂಹ-ಕಿರೀಟದ ‘ರಾಯಲ್ ಡೌಲ್ಟನ್’ 1902ರಿಂದ ಈಚೆಗೆ. ಲ್ಯಾಂಬೆತ್ ಕಾರ್ಖಾನೆ 1956ರಲ್ಲಿ ಮುಚ್ಚಿತು.

ಕೈಯಿಂದ ಗೀರಿದ ಅಕ್ಷರಗಳಲ್ಲಿ ಬಿಎಚ್‌ಬಿ ಹೆಣೆದಿದ್ದರೆ ಹ್ಯಾನಾ ಬಾರ್ಲೊ, ಎಫ್‌ಇಬಿ ಇದ್ದರೆ ಅವಳ ತಂಗಿ ಫ್ಲಾರೆನ್ಸ್, ಜಿಟಿ ಇದ್ದರೆ ಟಿನ್ವರ್ತ್. ಪಕ್ಕದಲ್ಲಿ ಇನ್ನೂ ಎರಡು ಮೂರು ಅಕ್ಷರಗಳು ಇರುವುದು ಸಾಮಾನ್ಯ: ಚುಕ್ಕಿ ಇಟ್ಟವರು, ಅಂಚು ತುಂಬಿದವರು, ಹೀಗೆ ಸಹಾಯಕಿಯರ ಗುರುತು ಅವು. ಸಹಾಯಕಿಯ ಅಕ್ಷರವನ್ನು ಕಲಾವಿದೆಯ ಸಹಿ ಎಂದು ಹೇಳಿ ಬೆಲೆ ಏರಿಸುವವರಿದ್ದಾರೆ.

ಡರ್ಬಿಶೈರ್ ಫ್ಲಾಸ್ಕ್‌ಗಳಲ್ಲಿ ಊರ ಹೆಸರೇ ಕಾಲ ಹೇಳುತ್ತದೆ. ಬೋರ್ನ್ ಮನೆತನದ ಬೆಲ್ಪರ್ ಕಾರ್ಖಾನೆ 1834ರಲ್ಲಿ ಮುಚ್ಚಿತು, ಆದ್ದರಿಂದ ‘ಬೆಲ್ಪರ್ ಅಂಡ್ ಡೆನ್‌ಬಿ’ ಎಂದಿದ್ದರೆ ಅದಕ್ಕೂ ಮುಂಚಿನದು. ‘ಡೆನ್‌ಬಿ ಅಂಡ್ ಕಾಡ್ನರ್ ಪಾರ್ಕ್’ ಎಂದಿದ್ದರೆ 1833 ಮತ್ತು 1861ರ ನಡುವಿನದು. ಪಬ್ ಮಾಲೀಕನ ಹೆಸರು, ಬೀದಿ ಇದ್ದರೆ ಆ ಊರಿನ ಹಳೆಯ ವ್ಯಾಪಾರಿ ಡೈರೆಕ್ಟರಿಗಳಲ್ಲಿ ಅವನು ಯಾವ ವರ್ಷ ಅಲ್ಲಿದ್ದ ಎಂದು ಹುಡುಕಬಹುದು. ಒಂದು ಸಂಜೆಯ ಕೆಲಸ, ಆದರೆ ಐದು ವರ್ಷದೊಳಗಿನ ಖಚಿತ ಕಾಲ ಸಿಗಬಹುದು. ‘ಆರ್‌ಡಿ ನಂಬರ್’, ಅಂದರೆ ವಿನ್ಯಾಸದ ನೋಂದಣಿ ಸಂಖ್ಯೆ, ಇದ್ದರೆ 1884ರ ನಂತರದ್ದು; ಆ ವರ್ಷ 1ರಿಂದ ಶುರುವಾದ ಸಂಖ್ಯೆ 1900ರ ಆರಂಭಕ್ಕೆ ಮೂರೂವರೆ ಲಕ್ಷದ ಆಸುಪಾಸು ತಲುಪಿತ್ತು. ಬಾಯಂಚಿಗೆ ಬೆಳ್ಳಿ ಪಟ್ಟಿ ಇದ್ದರೆ ಅದರ ಹಾಲ್‌ಮಾರ್ಕ್‌ನಲ್ಲಿ ವರ್ಷದ ಅಕ್ಷರವಿರುತ್ತದೆ. ಪಟ್ಟಿ ಪಾತ್ರೆಗಿಂತ ಹಳೆಯದಾಗಿದ್ದರೆ ಅಪಾಯದ ಗಂಟೆ ಬಾರಿಸಬೇಕು. ಹೊಸದಾಗಿದ್ದರೆ ಅದರಡಿ ಚಕ್ಕೆ ಎದ್ದ ಬಾಯಂಚು ಅಡಗಿದೆಯೇ ಎಂದು ನೋಡಿ.

ಹೆಸರು ತಪ್ಪಿದವು, ನಕಲಿಗಳು

ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಳಿ ಸಾಲ್ಟ್ ಗ್ಲೇಜ್ ಎಂದು ಹೇಳಿ ಕ್ರೀಮ್‌ವೇರ್ ಕೊಡುವುದು ಹೆಚ್ಚಾಗಿ ಅಜ್ಞಾನ, ಕೆಲವೊಮ್ಮೆ ಜಾಣತನ. ಕ್ರೀಮ್‌ವೇರ್‌ನ ಸೀಸದ ಮೆರುಗು ಹಿಡಿಯ ಬುಡದಲ್ಲಿ, ತಳದ ಸಂದಿನಲ್ಲಿ ಹಳದಿ ಅಥವಾ ಹಸಿರಾಗಿ ಮಡುಗಟ್ಟಿರುತ್ತದೆ. ಸಾಲ್ಟ್ ಗ್ಲೇಜ್ ಮಡುಗಟ್ಟುವುದಿಲ್ಲ, ಈ ಒಂದೇ ಪರೀಕ್ಷೆ ಸಾಕು.

ವಿಕ್ಟೋರಿಯಾ ಕಾಲದ ಉಬ್ಬುಚಿತ್ರದ ಬಿಳಿ, ಬೂದು, ತಿಳಿಹಸಿರು ಜಗ್‌ಗಳನ್ನು ಹರಾಜು ಪಟ್ಟಿಗಳಲ್ಲಿ ಸಾಲ್ಟ್ ಗ್ಲೇಜ್ ಎಂದೇ ಬರೆಯುತ್ತಾರೆ. ಅವುಗಳಲ್ಲಿ ಬಹುಪಾಲು ಸ್ಮಿಯರ್ ಗ್ಲೇಜ್: ಸುಡುವ ಪೆಟ್ಟಿಗೆಯೊಳಗೆ ಮೆರುಗಿನ ಮಿಶ್ರಣ ಬಳಿದು, ಅದು ಆವಿಯಾಗಿ ಪಾತ್ರೆಗೆ ತೆಳ್ಳಗೆ ತಾಗುವಂತೆ ಮಾಡಿದ್ದು. ರೇಷ್ಮೆಯಂಥ ಮಂದ ಹೊಳಪು, ಕುಳಿಗಳಿಲ್ಲ. ಚೆಂದದ ಸಾಮಾನೇ, ಆದರೆ ಬೇರೆ ಜಾತಿ. ಡೌಲ್ಟನ್ನಿನ ಫೈಯೆನ್ಸ್, ಇಂಪ್ಯಾಸ್ಟೊ, ಸಿಲಿಕಾನ್ ಹೆಸರಿನವೂ ಸಾಲ್ಟ್ ಗ್ಲೇಜ್ ಅಲ್ಲ.

ನಮ್ಮ ಉಪ್ಪಿನಕಾಯಿ ಭರಣಿಯನ್ನು ನೆನೆಯಿರಿ: ಮೇಲೆ ಕಂದು, ಕೆಳಗೆ ಕೆನೆಬಣ್ಣ, ಎಲ್ಲೆಡೆ ನುಣುಪು. ಇಂಗ್ಲೆಂಡಿನ ಶುಂಠಿ ಬಿಯರ್ ಬಾಟಲಿಗಳೂ ನೋಡಲು ಥೇಟ್ ಹೀಗೇ. 1835ರಲ್ಲಿ ಬ್ರಿಸ್ಟಲ್‌ನ ವಿಲಿಯಂ ಪೊವೆಲ್ ತಂದ ದ್ರವ ಮೆರುಗು ಅದು, ಅದ್ದಿ ಮಾಡಿದ್ದು. ಉಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಸಂಗ್ರಹಕ್ಕೆ ಬೇಡ ಎಂದಲ್ಲ, ಸಾಲ್ಟ್ ಗ್ಲೇಜ್‌ನ ಬೆಲೆ ಕೊಡಬೇಡಿ.

ಜಿಆರ್ (ದೊರೆ ಜಾರ್ಜ್) ಅಕ್ಷರದ ಬೂದು-ನೀಲಿ ಮಗ್ ಜರ್ಮನಿಯ ವೆಸ್ಟರ್‌ವಾಲ್ಡ್‌ನದು, ಇಂಗ್ಲೆಂಡಿನ ಮಾರುಕಟ್ಟೆಗೆಂದು ಮಾಡಿದ್ದು. ಅದನ್ನು ಅನುಕರಿಸಿ ಸ್ಟ್ಯಾಫರ್ಡ್‌ಶೈರ್‌ನಲ್ಲಿ ಮಾಡಿದವೂ ಇವೆ, ಅವುಗಳ ಮಣ್ಣು ಬೂದಲ್ಲ, ಬಿಳಿ. ಚಕ್ಕೆ ಎದ್ದ ಜಾಗದಲ್ಲಿ ಭೂತಗನ್ನಡಿ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಜರ್ಮನಿಯಲ್ಲಿ 19ನೇ ಶತಮಾನದಲ್ಲಿ ಹಳೆಯ ಶೈಲಿಯನ್ನೇ ಮತ್ತೆ ಮಾಡಿದ್ದರಿಂದ ಈ ಗುಂಪಿನಲ್ಲಿ ಗೊಂದಲ ಮೂರುಪಟ್ಟು.

ಎನಾಮೆಲ್ ಬಣ್ಣದ ಬಿಳಿ ಟೀಪಾಟ್ ಮತ್ತೊಂದು ಬಲೆ. ಹಳೆಯ ಸಾದಾ ಪಾತ್ರೆಗೆ ಈಚೆಗೆ ಬಣ್ಣ ಹಾಕಿ ಸುಟ್ಟರೆ ಬೆಲೆ ಹಲವು ಪಟ್ಟು ಏರುತ್ತದೆ. ಗೀರುಗಳನ್ನು ಹಿಂಬಾಲಿಸಿ: ಗೀರು ಬಣ್ಣವನ್ನೂ ಕೊಯ್ದುಕೊಂಡು ಹೋದರೆ ಸರಿ, ಬಣ್ಣದ ಅಡಿಯಲ್ಲಿ ನುಸುಳಿ ಆಚೆ ಬಂದರೆ ಬಣ್ಣ ಹೊಸದು.

ಮಾರ್ಟಿನ್ ಹಕ್ಕಿಗಳಲ್ಲಿ ತಲೆ ಮುಚ್ಚಳ, ಮೈ ಡಬ್ಬಿ. ಸಾಮಾನ್ಯವಾಗಿ ಎರಡರ ಮೇಲೂ ಸಹಿ, ದಿನಾಂಕ ಗೀರಿರುತ್ತಾರೆ, ಅವೆರಡೂ ತಾಳೆಯಾಗಬೇಕು. ‘ಬ್ರದರ್ಸ್’ ಎಂಬ ಪದ ಸೇರಿದ್ದು 1882ರ ಸುಮಾರಿಗೆ. ಅದಕ್ಕಿಂತ ಬಹಳ ಹಿಂದಿನ ಇಸವಿಯ ಜೊತೆ ‘ಬ್ರದರ್ಸ್’ ಇದ್ದರೆ ಕೆಳಗಿಟ್ಟು ಬನ್ನಿ.

ಯಾವ ದೋಷ ಸಹಿಸಬಹುದು

ಸುಡುವಾಗಲೇ ಆದ ಬಿರುಕು ಮತ್ತು ಆಮೇಲೆ ಆದ ಬಿರುಕು ಬೇರೆ. ಮೊದಲನೆಯದರ ಅಂಚು ದುಂಡಗೆ, ಬಿರುಕಿನೊಳಗೂ ಮೆರುಗು ಇರುತ್ತದೆ. ಎರಡನೆಯದು ಚೂಪು, ಒಳಗೆ ಕಪ್ಪು ಕೊಳೆ. ಮೊದಲನೆಯದನ್ನು ಕಂದು ಸಾಮಾನಿನಲ್ಲಿ ಕ್ಷಮಿಸಬಹುದು, ಅದು ಬೆಳೆಯುವುದಿಲ್ಲ. ಪಕ್ಕದ ಪಾತ್ರೆ ತಾಗಿದ ಕಲೆ, ಆವಿಗೆಯ ಚಾವಣಿಯ ಹನಿ ದೋಷವೇ ಅಲ್ಲ. ಹಳೆಯ ಲೋಹದ ಹೊಲಿಗೆ ಹಾಕಿದ ಪಾತ್ರೆಯನ್ನು ಅಗ್ಗಕ್ಕೆ ಸಿಕ್ಕರೆ ಕೊಳ್ಳಿ, ಹೊಲಿಗೆ ಬಿಚ್ಚಿಸಲು ಹೋಗಬೇಡಿ. ಅಪರೂಪದ ಹೆಸರು-ಇಸವಿ ಕೆತ್ತಿದ ಮಗ್‌ಗೆ ಹಿಡಿ ಇಲ್ಲದಿದ್ದರೂ ಬೆಲೆಯಿದೆ. ಸಾವಿರಗಟ್ಟಲೆ ಸಿಗುವ ಹಂಟಿಂಗ್ ಜಗ್‌ಗೆ ಬಾಯಂಚಿನ ಚಕ್ಕೆ ಇದ್ದರೂ ಬಿಟ್ಟುಬಿಡಿ. ಟೀಪಾಟ್‌ನ ಮುಚ್ಚಳ ಬೇರೆಯದರದ್ದಾಗಿದ್ದರೆ, ಅಂಚಿನ ಕುಳಿಗಳು ಮತ್ತು ಬಿಳುಪಿನ ಛಾಯೆ ಹೊಂದುವುದಿಲ್ಲ. ಅಂಥದನ್ನು ಮುಚ್ಚಳವಿಲ್ಲದ ಟೀಪಾಟ್‌ನ ಬೆಲೆಗೆ ಲೆಕ್ಕ ಹಾಕಿ.

ಕೊಳ್ಳುವ ಲೆಕ್ಕ

ಕಣ್ಣು ಪಳಗಲು ಮೊದಲು ಮ್ಯೂಸಿಯಂ. ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನ ಮೇಲಿನ ಅಂತಸ್ತಿನ ಪಿಂಗಾಣಿ ಗ್ಯಾಲರಿಗಳು, ಸ್ಟೋಕ್-ಆನ್-ಟ್ರೆಂಟ್‌ನ ಪಾಟರೀಸ್ ಮ್ಯೂಸಿಯಂ ಎರಡೂ ಸಾಕು. ಇಲ್ಲಿ ಕೂತವರಿಗೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್‌ನ ಸಂಗ್ರಹ ಆನ್‌ಲೈನ್‌ನಲ್ಲೂ ಸಿಗುತ್ತದೆ. ಲಂಡನ್ನಿನಲ್ಲಿರುವ ಕನ್ನಡಿಗರು ಥೇಮ್ಸ್ ದಡದ ಕೆಸರಿನಲ್ಲಿ ಚೂರು ಆರಿಸುವ ಆಸೆಪಟ್ಟರೆ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಕಡ್ಡಾಯ.

ಹರಾಜಿನಲ್ಲಿ ಕೂಗಿದ ಬೆಲೆಯೇ ಕೊನೆಯ ಬೆಲೆಯಲ್ಲ. ಇಂಗ್ಲೆಂಡಿನ ಹರಾಜು ಮನೆಗಳು ಕೊಳ್ಳುವವರಿಂದ ಕಾಲುಭಾಗದ ಆಸುಪಾಸು ಕಮಿಷನ್, ಅದರ ಮೇಲೆ ಶೇ. 20 ವ್ಯಾಟ್ ಹಾಕುವುದು ಸಾಮಾನ್ಯ. 100 ಪೌಂಡಿಗೆ ಕೂಗಿದರೆ 25 ಕಮಿಷನ್, 5 ವ್ಯಾಟ್, ಒಟ್ಟು 130. ಆನ್‌ಲೈನ್ ವೇದಿಕೆಯ ಮೂಲಕ ಕೂಗಿದರೆ ಇನ್ನೊಂದಿಷ್ಟು. ಮೇಲೆ ಪ್ಯಾಕಿಂಗ್, ಸಾಗಣೆ, ಸುಂಕ. ಕೂಗುವ ಮೊದಲು ‘ಕಂಡಿಷನ್ ರಿಪೋರ್ಟ್’ ಬರಹದಲ್ಲಿ ತರಿಸಿಕೊಳ್ಳಿ. ಹಿಡಿಯ ಬುಡ, ಮೂತಿಯ ತುದಿ, ಒಳಮೈ, ತಳ ಈ ನಾಲ್ಕರ ಚಿತ್ರ ಕೇಳಿ. ಒಳಮೈಯ ಚಿತ್ರ ಕಳಿಸಲು ಹಿಂಜರಿದರೆ ಕೂಗಬೇಡಿ.

ವರ್ತಕರಿಂದ ಕೊಂಡರೆ ರಶೀದಿಯಲ್ಲಿ ‘ಸಾಲ್ಟ್ ಗ್ಲೇಜ್ ಸ್ಟೋನ್‌ವೇರ್, ಲಂಡನ್, ಸುಮಾರು ಇಂಥ ವರ್ಷ, ಇಂಥ ಕಡೆ ದುರಸ್ತಿ’ ಎಂದು ಬರೆಸಿ. ‘ಹಳೆಯ ಜಗ್’ ಎಂದಷ್ಟೇ ಬರೆದ ರಶೀದಿ ಮುಂದೆ ಯಾವುದಕ್ಕೂ ಬರುವುದಿಲ್ಲ.

ಊರಿಗೆ ತರುವುದು

100 ವರ್ಷ ದಾಟಿದ ಪುರಾತನ ವಸ್ತುಗಳಿಗೆ ಕಸ್ಟಮ್ಸ್‌ನಲ್ಲಿ ಬೇರೆಯೇ ಶೀರ್ಷಿಕೆ ಇದೆ, 9706. ವಯಸ್ಸು ನಮೂದಿಸಿದ ರಶೀದಿ ಬೇಕಾಗುವುದು ಇಲ್ಲಿ. ಸುಂಕದ ದರವನ್ನು ಆ ಹೊತ್ತಿಗೆ ಕಸ್ಟಮ್ಸ್ ಏಜೆಂಟರಲ್ಲಿ ಕೇಳಿ, ಅದು ಬದಲಾಗುತ್ತಿರುತ್ತದೆ. ಇನ್ನೊಂದು ಮಾತು: 1972ರ ಪುರಾವಸ್ತು ಕಾಯ್ದೆ ನೂರು ವರ್ಷ ಮೀರಿದ ಕಲಾವಸ್ತುಗಳು ದೇಶದಿಂದ ಹೊರಹೋಗುವುದನ್ನು ತಡೆಯುತ್ತದೆ. ಮತ್ತೆ ಹೊರಗೆ ಒಯ್ಯುವ ಯೋಚನೆ ಇದ್ದರೆ ತರುವ ಮೊದಲೇ ಭಾರತೀಯ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ, ಆಮದಿನ ಕಾಗದಗಳನ್ನು ಜೋಪಾನ ಮಾಡಿ.

ಪ್ಯಾಕಿಂಗ್‌ಗೆ ಪೆಟ್ಟಿಗೆಯೊಳಗೆ ಪೆಟ್ಟಿಗೆ, ನಡುವೆ ಎಲ್ಲ ಕಡೆ ಕನಿಷ್ಠ 5 ಸೆಂಟಿಮೀಟರ್ ಮೆತ್ತೆ. ಮುಚ್ಚಳವನ್ನು ಬೇರೆ ಸುತ್ತಿ. ಮೊದಲು ಮೃದು ಕಾಗದ, ಆಮೇಲೆ ಬಬಲ್ ಹಾಳೆ. ಬಬಲ್ ನೇರವಾಗಿ ತಾಗಿದರೆ ಬೇಸಿಗೆಯಲ್ಲಿ ದುರಸ್ತಿ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಹಿಡಿಯ ತೂತಿನಲ್ಲಿ ಕಾಗದ ತುಂಬಿ, ಆದರೆ ಬಿಗಿಯಾಗಿ ತುರುಕಬೇಡಿ, ಹಿಡಿ ಮುರಿಯುವುದು ಹಾಗೆಯೇ. ಕೊರಿಯರ್ ವಿಮೆಯಲ್ಲಿ ಪಿಂಗಾಣಿಯನ್ನು ಹೊರಗಿಟ್ಟಿರುವುದು ಸಾಮಾನ್ಯ, ಹಣ ಕಟ್ಟುವ ಮೊದಲು ಓದಿ.

ತೊಳೆಯುವುದು, ಇಡುವುದು, ಬರೆದಿಡುವುದು

ಗಟ್ಟಿ ಸ್ಟೋನ್‌ವೇರ್‌ಗೆ ನೀರಿನ ಭಯವಿಲ್ಲ, ಅದರ ದುರಸ್ತಿಗಳಿಗೆ ಇದೆ. ಪ್ಲಾಸ್ಟಿಕ್ ಟಬ್‌ನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚನೆಯ ನೀರಿಗೆ ಕೆಲವು ಹನಿ ಪಾತ್ರೆ ಸೋಪು ಬೆರೆಸಿ, ಮೃದು ಬ್ರಷ್ಷಿನಲ್ಲಿ ಒಂದೊಂದನ್ನೇ ತೊಳೆಯಿರಿ. ದುರಸ್ತಿ, ಬೆಳ್ಳಿ ಪಟ್ಟಿ ಅಥವಾ ಎನಾಮೆಲ್ ಬಣ್ಣ ಇದ್ದರೆ ಮುಳುಗಿಸಬೇಡಿ, ಒದ್ದೆ ಹತ್ತಿಯಲ್ಲಿ ಒರೆಸಿದರೆ ಸಾಕು. ಬ್ಲೀಚ್ ಬೇಡವೇ ಬೇಡ: ಬಿರುಕಿನೊಳಗೆ ಇಂಗಿ, ಒಣಗಿದಾಗ ಹರಳಾಗಿ, ಅಂಚನ್ನು ಒಳಗಿನಿಂದ ಚಕ್ಕೆ ಎಬ್ಬಿಸುತ್ತದೆ. ಹುಣಸೆಹಣ್ಣು, ಬೂದಿ, ಉಕ್ಕಿನ ನಾರು ಕಂಚು-ಹಿತ್ತಾಳೆಗೆ ಸರಿ, ಇಲ್ಲಿ ಅಲ್ಲ.

ತಟ್ಟೆಗಳನ್ನು ಸ್ಪ್ರಿಂಗ್ ಇರುವ ಲೋಹದ ಕೊಕ್ಕೆಯಲ್ಲಿ ಗೋಡೆಗೆ ತೂಗುಹಾಕಿದರೆ ಅಂಚಿನಲ್ಲಿ ಚಕ್ಕೆ ಏಳುತ್ತದೆ. ಸ್ಟ್ಯಾಂಡ್ ಮೇಲೆ ಇಡಿ. ಒಂದರೊಳಗೆ ಒಂದನ್ನು ಜೋಡಿಸಲೇಬೇಕಾದರೆ ನಡುವೆ ಬಟ್ಟೆ ಹಾಕಿ. ಹಳೆಯ ವರ್ತಕರ, ಸಂಗ್ರಾಹಕರ ಚೀಟಿಗಳು ತಳದಲ್ಲಿ ಅಂಟಿದ್ದರೆ ಕೀಳಬೇಡಿ, ಅವು ಪಾತ್ರೆಯ ವಂಶಾವಳಿ. ನಿಮ್ಮ ಸಂಖ್ಯೆಯನ್ನು ಗಮ್ ಚೀಟಿಯಲ್ಲಿ ಅಂಟಿಸದೆ, ಹತ್ತಿ ದಾರದ ಕಾಗದದ ಬಿಲ್ಲೆಯಲ್ಲಿ ಹಿಡಿಗೆ ಕಟ್ಟಿ.

ಪುಸ್ತಕದಲ್ಲಿ ಪ್ರತಿ ಪಾತ್ರೆಗೆ ಒಂದು ಪುಟ: ಎತ್ತರ ಮತ್ತು ತಳದ ಅಗಲ ಮಿಲಿಮೀಟರ್‌ನಲ್ಲಿ, ತೂಕ ಗ್ರಾಂನಲ್ಲಿ, ಮೈ-ಒಳಮೈ-ತಳ-ಮೊಹರಿನ ಚಿತ್ರ, ಕೊಂಡ ದಿನ, ಕೊಟ್ಟ ಒಟ್ಟು ಹಣ, ದುರಸ್ತಿಯ ಜಾಗ, ಅಲ್ಟ್ರಾವಯೊಲೆಟ್‌ನಲ್ಲಿ ಕಂಡದ್ದು. ಕಾಲ, ಊರು ಬರೆಯುವಾಗ ಪೆನ್ಸಿಲ್ ಬಳಸಿ. ಆ ಎರಡು ಸಾಲುಗಳನ್ನು ಮೂರು ವರ್ಷದ ನಂತರ ನೀವೇ ಅಳಿಸಿ ತಿದ್ದುತ್ತೀರಿ.